ಆಂಫ್ಲೆಟ್ ಕೆಡಿಸಿದ ಒಂದೇ ಒಡವೆ

ಬರ್ಮಿಂಗ್‌ಹ್ಯಾಮಿನ ನಮ್ಮ ಒಡವೆ ಬೀದಿಗಳಲ್ಲಿ ಯಾರ ಗುಟ್ಟೂ ಮಧ್ಯಾಹ್ನದ ಚಹಾದವರೆಗೆ ಉಳಿಯುವುದಿಲ್ಲ. ಯಾರ ಕೈಯಿಂದ ಹರಳು ಜಾರಿತು, ಯಾರ ಬೆಸುಗೆ ಬಿಟ್ಟುಕೊಂಡಿತು ಎಂಬುದೆಲ್ಲ ಹನ್ನೊಂದು ಗಂಟೆಗೆ ಎದುರು ಬೀದಿಗೆ ಗೊತ್ತಾಗಿರುತ್ತದೆ. ಅಂಥ ಜಾಗದಲ್ಲಿ ನಾನು ಒಂದು ಗುಟ್ಟನ್ನು ನಲವತ್ತೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಕಳೆದ ತಿಂಗಳು ಅದರ ಮುಚ್ಚಳ ತೆಗೆಯಬೇಕಾಯಿತು. ಮುಚ್ಚಳ ಎಂದದ್ದು ಬರಿಯ ಮಾತಿಗಲ್ಲ, ನಿಜವಾದ ಚಿನ್ನದ ಮುಚ್ಚಳ.

ನನ್ನ ಹೆಸರು ಡೋರ್ಕಸ್ ಯಾಪ್. ಹಳೆಯ ಒಡವೆ ರಿಪೇರಿ ನನ್ನ ಕೆಲಸ. 1974ರಲ್ಲಿ ನನಗೆ ಇಪ್ಪತ್ತೊಂಬತ್ತು. ನನಗೆ ಕಸುಬು ಕಲಿಸಿದ ಸ್ಯಾಂಕಿ ತೀರಿಹೋಗಿ, ಅವರು ಕೂರುತ್ತಿದ್ದ ಮೇಜಿನಲ್ಲಿ ನಾನು ಕೂತಿದ್ದೆ. ಆಗೆಲ್ಲ ಹೆಂಗಸರು ಪಾಲಿಶ್ ಮಾಡಬಹುದಿತ್ತು, ಸರಪಳಿ ಜೋಡಿಸಬಹುದಿತ್ತು. ಹರಳು ಕೂರಿಸುವ ಮೇಜು ಮಾತ್ರ ಗಂಡಸರದು. ಕಟ್ಟಡದ ಮಾಲೀಕ ತಲೆ ಕೆರೆದುಕೊಂಡು, "ಆರು ತಿಂಗಳು ನೋಡೋಣ. ಒಂದು ದೂರು ಬಂತು ಅಂದ್ರೆ ಮೇಜು ಬೇರೆಯವರಿಗೆ," ಎಂದಿದ್ದ. ಐದು ತಿಂಗಳು ಕಳೆದಿತ್ತು.

ಮಹಡಿಯ ಮೇಲೆ ಹೊರೇಸ್ ಆಂಫ್ಲೆಟ್ ಅವರ ಕೋಣೆ. ಅರವತ್ತಾರು ವಯಸ್ಸು, ಕಡ್ಡಿಯಂಥ ಮೈ, ಬಾಯಿ ತೆರೆದರೆ ಬರೀ ಜಂಭ. "ನಲವತ್ಮೂರು ವರ್ಷದಲ್ಲಿ ನನ್ನ ಕೈಲಿ ಒಂದು ಒಡವೇನೂ ಕೆಟ್ಟಿಲ್ಲ" ಎಂಬುದು ಅವರ ಜಪ. ಪಬ್ಬಿನಲ್ಲಿ ಎರಡನೆಯ ಲೋಟ ಮುಗಿಯುವುದರೊಳಗೆ ಅದನ್ನು ಹೇಳದೆ ಅವರು ಎದ್ದವರಲ್ಲ. ರೋಮಿನ ಪೋಪನಂತೆ ತಪ್ಪೇ ಮಾಡದ ಮನುಷ್ಯ ಎಂದು ಬೀದಿಯವರು ಅವರಿಗೆ ಪೋಪ್ ಎಂದೇ ಹೆಸರಿಟ್ಟಿದ್ದರು. ತಮಾಷೆಗೆ ಇಟ್ಟ ಹೆಸರನ್ನು ಅವರು ಬಿರುದಿನಂತೆ ಧರಿಸಿ ಓಡಾಡುತ್ತಿದ್ದರು. ನನಗಂತೂ ಅವರನ್ನು ಕಂಡರೆ ಭಯ. ಮೆಟ್ಟಿಲ ಮೇಲೆ ಎದುರಾದರೆ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದೆ.

ಮೇ ತಿಂಗಳ ಒಂದು ಬುಧವಾರ ಮಿಸೆಸ್ ಒಟ್ಲಿ ಎಂಬವರು ಒಂದು ಪೆಟ್ಟಿಗೆ ತಂದರು. ನೀಲಿ ಮಖಮಲ್ಲಿನಲ್ಲಿ ಅಚ್ಚಿಗೆ ಹೊಯ್ದಂತೆ ಗುಳಿಗಳು. ಒಂದರಲ್ಲಿ ಕಂಠಹಾರ, ಎರಡರಲ್ಲಿ ಓಲೆ, ನಟ್ಟನಡುವೆ ಎದೆಗೆ ಚುಚ್ಚಿಕೊಳ್ಳುವ ಪದಕ. ವಿಕ್ಟೋರಿಯಾ ರಾಣಿ ಇನ್ನೂ ಎಳೆಯ ವಯಸ್ಸಿನಲ್ಲಿದ್ದಾಗ ಮಾಡಿದ ಸೆಟ್ಟು. ಹಳದಿ ಚಿನ್ನದ ಬಳ್ಳಿ, ಬೆಳ್ಳಿಯ ಕಟ್ಟಿನಲ್ಲಿ ಗುಲಾಬಿ ಮೊಗ್ಗಿನಂತೆ ಕತ್ತರಿಸಿದ ವಜ್ರಗಳು.

"ಪದಕದ ಪಿನ್ನು ಸಡಿಲ ಆಗಿದೆ, ಅಷ್ಟೇ," ಎಂದರು ಆಕೆ. "ಶನಿವಾರ ಮಗಳ ಮದುವೆ. ನಮ್ಮ ಮನೇಲಿ ಈ ಸೆಟ್ ಹಾಕ್ಕೊಳ್ದೆ ಯಾವ ಮದುಮಗಳೂ ಚರ್ಚಿನ ಮೆಟ್ಟಿಲು ಹತ್ತಿಲ್ಲ. ಸ್ಯಾಂಕಿ ಅವರ ಜಾಗದಲ್ಲಿ ಒಳ್ಳೆ ಕೆಲಸದವರು ಇದ್ದಾರೆ ಅಂದ್ರು. ಹೆಂಗಸು ಅಂತ ಹೇಳಿರ್ಲಿಲ್ಲ."

"ಹೇಳಿದ್ರೆ ಬರ್ತಿರ್ಲಿಲ್ವಾ?"

"ಬರ್ತಿದ್ದೆ," ಎಂದರು ಆಕೆ ಕೈಚೀಲ ಮುಚ್ಚುತ್ತ. "ಸ್ವಲ್ಪ ಯೋಚನೆ ಮಾಡಿ ಬರ್ತಿದ್ದೆ."

ಗುರುವಾರ ಪಿನ್ನು ಕೂರಿಸಿದೆ. ಅರ್ಧ ಗಂಟೆಯ ಕೆಲಸ. ಚೆನ್ನಾಗಿಯೇ ಆಯಿತು. ನಮ್ಮ ಬೀದಿಯಲ್ಲಿ ಯಾವ ಒಡವೆಯೂ ತೊಳೆಯದೆ ಗಿರಾಕಿಯ ಕೈಗೆ ಹೋಗುವುದಿಲ್ಲ. ಬಿಸಿನೀರು, ಸೋಪು, ಎರಡು ಹನಿ ಅಮೋನಿಯಾ, ಮೆತ್ತನೆಯ ಬ್ರಶ್ಶು. ಹದಿಮೂರು ವರ್ಷ ದಿನಕ್ಕೆ ಇಪ್ಪತ್ತು ಸಲ ಮಾಡಿದ ಕೆಲಸ. ಕಿಟಕಿಯಾಚೆ ಏನೋ ನೋಡುತ್ತಿದ್ದೆ, ನನ್ನ ಕೈ ತನ್ನ ಪಾಡಿಗೆ ತಾನು ಪದಕವನ್ನು ಬಟ್ಟಲಿಗೆ ಮುಳುಗಿಸಿತು.

ಆ ಕಾಲದ ಕೆಲಸದವರು ವಜ್ರದ ಬೆನ್ನಿಗೆ ತೆಳ್ಳನೆಯ ಬೆಳ್ಳಿ ರೇಕು ಇಟ್ಟು, ಹಿಂದಿನಿಂದ ಚಿನ್ನದ ಮುಚ್ಚಳ ಹಾಕುತ್ತಿದ್ದರು. ಮೇಣದ ಬತ್ತಿಯ ಬೆಳಕಿನಲ್ಲಿ ವಜ್ರಕ್ಕೆ ಜೀವ ಕೊಡುವುದೇ ಆ ರೇಕು. ಒಳಗೆ ನೀರು ಹೋಯಿತೋ, ರೇಕು ಕಪ್ಪಾಗುತ್ತದೆ, ವಜ್ರ ಸತ್ತ ಮೀನಿನ ಕಣ್ಣಾಗುತ್ತದೆ. ಇದು ಸ್ಯಾಂಕಿ ಹೇಳಿಕೊಟ್ಟ ಮೊದಲ ಪಾಠ. ನನ್ನ ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಹೊರಗೆ ತೆಗೆದಾಗ ಹತ್ತೊಂಬತ್ತು ಹರಳುಗಳೂ ನನ್ನ ಕಣ್ಣೆದುರಿಗೇ ಒಂದೊಂದಾಗಿ ಬೂದಿ ಬಣ್ಣಕ್ಕೆ ತಿರುಗಿದವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಪೆಟ್ಟಿಗೆಯಲ್ಲಿ ಓಲೆಗಳು ಹೊಳೆಯುತ್ತಿದ್ದವು, ಹಾರ ಹೊಳೆಯುತ್ತಿತ್ತು, ನಡುವೆ ಇಡಬೇಕಾದದ್ದು ಹೆಣವಾಗಿತ್ತು.

ಹೇಗಾದರೂ ಒಣಗಿಸೋಣ ಎಂದು ಹಿಂದಿನ ಮುಚ್ಚಳದ ಅಂಚಿಗೆ ಉಳಿ ಹಾಕಿ ಮೀಟಿದೆ. ಉಳಿ ಜಾರಿ ಮುಚ್ಚಳದ ಒಳಮೈಗೆ ಉದ್ದಕ್ಕೆ ಒಂದು ಗೀರು ಬಿತ್ತು. ರೇಕು ಹಾಕುವ ಕೆಲಸ ನಾನು ಕಲಿತಿರಲಿಲ್ಲ. ಬೀದಿಯಲ್ಲಿ ಅದು ಗೊತ್ತಿದ್ದದ್ದು ಒಬ್ಬರಿಗೇ. ಎಲ್ಲವನ್ನೂ ಒಂದು ತಟ್ಟೆಯಲ್ಲಿಟ್ಟುಕೊಂಡು ಮಹಡಿ ಹತ್ತಿದೆ. ಒಂದೊಂದು ಮೆಟ್ಟಿಲಿಗೂ ನನ್ನ ಮೇಜು ನನ್ನಿಂದ ದೂರ ಹೋಗುತ್ತಿದೆ ಅನ್ನಿಸುತ್ತಿತ್ತು.

ಆಂಫ್ಲೆಟ್ ತಟ್ಟೆ ನೋಡಿದರು, ನನ್ನ ಮುಖ ನೋಡಿದರು. "ತೊಳೆದೆಯಾ?"

"ತೊಳೆದೆ."

"ಸೋಪು ಹಾಕಿ?"

"ಅಮೋನಿಯಾನೂ ಹಾಕಿ."

"ಸರಿಹೋಯ್ತು. ಕುರಿ ಸ್ನಾನ ಮಾಡ್ಸಿದೀಯ." ಮುಚ್ಚಳವನ್ನು ಬೆಳಕಿಗೆ ಹಿಡಿದರು. "ಇದೇನಿದು, ಹೊಲ ಉತ್ತಿದ ಹಾಗೆ?"

"ಉಳಿ ಜಾರ್ತು, ಮಿಸ್ಟರ್ ಆಂಫ್ಲೆಟ್." ಅಲ್ಲಿಗೆ ನನ್ನ ಕಟ್ಟೆ ಒಡೆಯಿತು. ನಿಂತಲ್ಲೇ ಅತ್ತೆ. ಹೆಂಗಸರ ಕೈಗೆ ಈ ಕೆಲಸ ಒಗ್ಗುವುದಿಲ್ಲ ಎಂದು ಮಾಲೀಕ ಅನುಮಾನಪಟ್ಟದ್ದೇ ಸರಿ, ನಾಳೆಯೇ ಮೇಜು ಬಿಟ್ಟುಕೊಟ್ಟು ಬಟ್ಟೆ ಅಂಗಡಿಗೆ ಹೋಗುತ್ತೇನೆ ಎಂದೆಲ್ಲ ಬಡಬಡಿಸಿದೆ.

ಅವರು ಮುಚ್ಚಳವನ್ನು ಮೇಜಿನ ಮೇಲಿಟ್ಟರು. ಆಮೇಲೆ, "ಅಂಗಳಕ್ಕೆ ಹೋಗಿ ಪಾರಿವಾಳದ ಪುಕ್ಕ ತಗೊಂಬಾ. ಸಣ್ಣವು, ಹೊಟ್ಟೆ ಕೆಳಗಿನವು. ಒಂದು ಹಿಡಿ," ಎಂದರು.

"ಪುಕ್ಕ ಯಾಕೆ?"

"ಪ್ರಶ್ನೆ ಆಮೇಲೆ. ಅವಸರ ಮಾಡ್ಬೇಡ. ಮುಖ ತೊಳ್ಕೊಂಡು ಬಾ."

ಹತ್ತು ನಿಮಿಷ ಅಂಗಳದಲ್ಲಿ ಪುಕ್ಕ ಆಯ್ದೆ. ಮೇಲೆ ಬಂದಾಗ ಅವರು ಮುಚ್ಚಳವನ್ನು ಅಂಗೈಯಲ್ಲಿ ಹಿಡಿದು ಕೂತಿದ್ದರು. "ಬಾ ಇಲ್ಲಿ. ಒಳಗೆ ಏನಿದೆ ಓದು."

ರಿಪೇರಿ ಮಾಡಿದವನು ಯಾರಿಗೂ ಕಾಣದ ಜಾಗದಲ್ಲಿ ತನ್ನ ಹೆಸರಿನ ಮೊದಲಕ್ಷರಗಳನ್ನೂ ಇಸವಿಯನ್ನೂ ಗೀರಿಡುವುದು ನಮ್ಮ ಕಸುಬಿನ ಹಳೆಯ ಪದ್ಧತಿ. ಮುಂದೆ ಯಾವತ್ತೋ ಬಿಚ್ಚುವವನಿಗೆ ಬರೆದ ಕಾಗದ ಅದು. ಗಾಬರಿಯಲ್ಲಿ ನಾನು ಗಮನಿಸಿಯೇ ಇರದ ಎರಡು ಗುರುತು ಮುಚ್ಚಳದ ಒಳಗೆ ಇದ್ದವು. "ಟಿ.ಬಿ. 1868" ಎಂದು ಒಂದು. ಅದರ ಕೆಳಗೆ "ಎಚ್.ಎ. 1931."

"ಎಚ್.ಎ. ಅಂದ್ರೆ..."

"ಈ ಮುಚ್ಚಳ ಯಾವಾಗ ಬಿಚ್ತಾರೆ ಹೇಳು."

"ರೇಕು ಕೆಟ್ಟಾಗ."

"ರೇಕು ಯಾವಾಗ ಕೆಡುತ್ತೆ?"

"ನೀರು ಹೋದಾಗ."

"ಹಾಂ. ನನಗೆ ಇಪ್ಪತ್ಮೂರು ವಯಸ್ಸು. ಇದೇ ಪದಕ, ಇಂಥದೇ ಬಟ್ಟಲು. ನಮ್ಮ ಮೇಸ್ತ್ರಿ ರೇಕು ಹಾಕೋದು ತೋರ್ಸಿ ನನ್ನ ಹೊಟ್ಟೆಪಾಡು ಉಳಿಸಿದ್ರು. ನಾನು ಬಟ್ಟೆ ಅಂಗಡಿಗೆ ಹೋಗ್ಲಿಲ್ಲ, ನೋಡು." ಕನ್ನಡಕದ ಮೇಲಿಂದ ದುರುಗುಟ್ಟಿದರು. "ಯಾರ ಹತ್ರನಾದ್ರೂ ಬಾಯಿ ಬಿಟ್ಟೆಯೋ, ನಿನ್ನನ್ನೇ ಆ ಬಟ್ಟಲಲ್ಲಿ ಮುಳುಗಿಸ್ತೀನಿ."

ಅಳುವಿನ ನಡುವೆ ನನಗೆ ನಗು ಬಂತು. ಪೋಪರೂ ಮನುಷ್ಯರೇ. ನನ್ನಂಥ ಮನುಷ್ಯರೇ.

ಆ ದಿನ, ಮಾರನೆಯ ದಿನ, ಅವರು ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ಕೆಲಸಕ್ಕೆ ಕೈ ಹಾಕಲಿಲ್ಲ. ಎಲ್ಲ ನನ್ನ ಕೈಯಿಂದಲೇ ಮಾಡಿಸಿದರು. ಬೆಳ್ಳಿಯನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ತಟ್ಟಬೇಕು, ಹರಳಿನ ಅಳತೆಗೆ ಕತ್ತರಿಸಬೇಕು. ಹೊಸ ರೇಕು ತೀರ ಬೆಳ್ಳಗೆ, ಓಲೆಗಳ ರೇಕಿಗೆ ನೂರ ಮೂವತ್ತು ವರ್ಷದ ಹಳದಿ. ಅದಕ್ಕೇ ಪುಕ್ಕ. ಪುಕ್ಕ ಸುಟ್ಟ ಹೊಗೆಯ ಮೇಲೆ ರೇಕನ್ನು ಆಡಿಸಿದರೆ ಅದಕ್ಕೂ ವಯಸ್ಸಾಗುತ್ತದೆ. "ಇನ್ನೊಂದು ಸಲ. ಇನ್ನೂ ಹಸುಗೂಸಿನ ಹಾಗಿದೆ. ಸ್ವಲ್ಪ ಸಂಸಾರ ಮಾಡಿದ ಮುಖ ಬರ್ಲಿ," ಎನ್ನುತ್ತಿದ್ದರು. ಶುಕ್ರವಾರ ಐದಕ್ಕೆ ಪದಕ ತನ್ನ ಗುಳಿಯಲ್ಲಿ ಕೂತಾಗ ಯಾವುದು ಸತ್ತು ಹುಟ್ಟಿದ್ದು ಎಂದು ನನಗೇ ಹೇಳಲಾಗುತ್ತಿರಲಿಲ್ಲ.

ಮುಚ್ಚುವ ಮುಂಚೆ ಅವರು ಉಳಿ ಕೊಟ್ಟರು. "ನಿನ್ನದೂ ಹಾಕು. ನಾಚ್ಕೊಂಡು ಬಿಡ್ಬೇಡ." ಮೂರನೆಯದಾಗಿ ನಾನು ಗೀರಿದೆ: ಡಿ.ವೈ. 1974.

ಮಿಸೆಸ್ ಒಟ್ಲಿಗೆ ಇದ್ದದ್ದನ್ನೆಲ್ಲ ಹೇಳಿಬಿಟ್ಟೆ, ಆಂಫ್ಲೆಟ್ ಗುಟ್ಟನ್ನು ಬಿಟ್ಟು. ಆಕೆ ಪದಕವನ್ನು ಕಿಟಕಿಯ ಬಳಿ ತಿರುಗಿಸಿ ತಿರುಗಿಸಿ ನೋಡಿ, "ಹೇಳದೇ ಇದ್ದಿದ್ರೂ ಗೊತ್ತಾಗ್ತಿರ್ಲಿಲ್ಲ. ಹೇಳಿದ್ರಲ್ಲ, ಇನ್ಮೇಲೆ ನಿಮ್ಮ ಹತ್ರನೇ ಬರ್ತೀನಿ," ಎಂದರು. ದೂರು ಹೋಗಲಿಲ್ಲ. ಮೇಜು ಉಳಿಯಿತು. ಇವತ್ತಿಗೂ ಅದರಲ್ಲೇ ಕೂತಿದ್ದೇನೆ.

ಅದಾದ ಮೇಲೆ ಆಂಫ್ಲೆಟ್ ಅವರ ಜಪ ಬದಲಾಯಿತು. ಮುಂದಿನ ವಾರವೇ ಪಬ್ಬಿನಲ್ಲಿ ಯಾರೋ ಕೆಣಕಿದರು: "ಏನ್ ಪೋಪ್, ನಲವತ್ಮೂರು ವರ್ಷದಲ್ಲಿ ಒಂದೂ ಕೆಟ್ಟಿಲ್ವಂತೆ?" ಅವರು ಮೂಲೆಯಲ್ಲಿದ್ದ ನನ್ನತ್ತ ನೋಡಿ, ಲೋಟ ಕೆಳಗಿಟ್ಟು, "ಒಂದು ಬಿಟ್ಟು," ಎಂದರು. ಆಮೇಲೆ ಶುರುವಾಯಿತು ನೋಡಿ ಹಬ್ಬ. ಯಾವುದು, ಯಾವಾಗ, ಯಾರದ್ದು ಎಂದು ತಿಂಗಳುಗಟ್ಟಲೆ ಜೀವ ತಿಂದರು. ಅವರು ಬಾಯಿ ಬಿಡಲಿಲ್ಲ. ಪೋಪ್ ಎಂಬ ಹೆಸರು ಅಲ್ಲಿಗೆ ಹೋಯಿತು. ನಾನೂ ಕಮ್ಮಿಯಿರಲಿಲ್ಲ, ಸಲಿಗೆ ಬೆಳೆದ ಮೇಲೆ ಚಹಾ ಕುಡಿಯುವಾಗಲೆಲ್ಲ, "1931 ನೆನಪಿದೆ ತಾನೆ?" ಎಂದು ಚುಚ್ಚುತ್ತಿದ್ದೆ. ಅವರು ಕೆಂಪಗಾಗಿ ಬಿಸ್ಕತ್ತು ಅದ್ದಿಕೊಳ್ಳುತ್ತಿದ್ದರು. 1989ರಲ್ಲಿ ತೀರಿಕೊಂಡರು. ಮಣ್ಣು ಮಾಡುವ ದಿನ ಅವರ ಹಳೆಯ ಗೆಳೆಯರೊಬ್ಬರು, "ಹೊರೇಸ್ ಜೀವಮಾನದಲ್ಲಿ ಕೆಡಿಸಿದ್ದು ಒಂದೇ ಒಡವೆ, ಅದನ್ನೂ ತಾನೇ ಒಪ್ಪಿಕೊಂಡ," ಎಂದು ಮಾತಾಡಿದರು. ನಾನು ತಲೆ ತಗ್ಗಿಸಿ, ಗುಟ್ಟು ಬಲ್ಲವಳ ಹೆಮ್ಮೆಯಲ್ಲಿ, ಒಳಗೊಳಗೇ ನಕ್ಕೆ.

ಕಳೆದ ತಿಂಗಳು ಅದೇ ನೀಲಿ ಪೆಟ್ಟಿಗೆ ಮತ್ತೆ ನನ್ನ ಮೇಜಿಗೆ ಬಂತು. ತಂದವಳು ಮಿಸೆಸ್ ಒಟ್ಲಿಯ ಮೊಮ್ಮಗಳು ಇಮೊಜೆನ್. ಜೂನ್‌ನಲ್ಲಿ ಮದುವೆ, ಪದಕದ ಒಂದು ಹರಳು ಅಲ್ಲಾಡುತ್ತಿತ್ತು.

"ಈ ಸೆಟ್ಟಿಗೂ ನಂಗೂ ಹಳೇ ಸ್ನೇಹ ಕಣಮ್ಮ," ಎಂದೆ. "ನಮ್ಮ ಬೀದೀಗೂ ಹಳೇದೇ. 1931ರಲ್ಲೇ ಒಂದು ಸಲ ಇಲ್ಲಿ ರಿಪೇರಿ ಆಗಿತ್ತು."

"ಇರಲಿಕ್ಕಿಲ್ಲ, ಮಿಸ್ ಯಾಪ್. ಆಗ ಇದು ಡಬ್ಲಿನ್‌ನಲ್ಲಿತ್ತು. ನಮ್ಮಜ್ಜಿ ಮದುವೆ ಆಗಿ ಈ ಕಡೆ ಬಂದಿದ್ದೇ ನಲವತ್ತಾರರಲ್ಲಿ. ಅಲ್ಲೀವರೆಗೂ ಇದು ಐರ್ಲೆಂಡ್ ಬಿಟ್ಟು ಆಚೆ ಬಂದೇ ಇರ್ಲಿಲ್ಲ ಅಂತಿದ್ರು."

ಅವಳು ಹೋದ ಮೇಲೆ ಮುಚ್ಚಳ ಬಿಚ್ಚಿದೆ. ಮೂರು ಗುರುತೂ ಇದ್ದವು. ನನ್ನ ಉಳಿ ಜಾರಿದ ಗೀರೂ ಹಾಗೇ ಇತ್ತು. ಭೂತಗನ್ನಡಿ ಕಣ್ಣಿಗೆ ಹಾಕಿಕೊಂಡೆ. ಎರಡು ಗೀರು ಒಂದನ್ನೊಂದು ದಾಟಿದರೆ, ಆಮೇಲೆ ಬಿದ್ದದ್ದು ಮೊದಲಿನದನ್ನು ಕತ್ತರಿಸಿರುತ್ತದೆ. ನಮ್ಮ ಕಣ್ಣಿಗೆ ಅದು ಅಕ್ಷರ ಓದಿದಷ್ಟೇ ಸಲೀಸು. ನನ್ನ ಗೀರು "1868"ರ ಮೇಲೆ ಹಾದುಹೋಗಿತ್ತು. "1931" ನನ್ನ ಗೀರಿನ ಮೇಲೆ ಕೂತಿತ್ತು.

ನಾನು ಅಂಗಳದಲ್ಲಿ ಪುಕ್ಕ ಆಯುತ್ತಿದ್ದಾಗ ಕೆತ್ತಿದ್ದು ಅದು.

ಕನ್ನಡಿ ತೆಗೆದು ಒರೆಸಿ ಮತ್ತೆ ನೋಡಿದೆ. ಅಷ್ಟೇ ನಿಜ. ಆ ಮನುಷ್ಯ ಒಂದೇ ಒಂದು ಒಡವೆಯನ್ನೂ ಕೆಡಿಸಿರಲಿಲ್ಲ. ಜಗತ್ತಿನಲ್ಲಿ ಅವರಿಗಿದ್ದ ಆಸ್ತಿ ಎಂದರೆ ಆ ಜಂಭ ಒಂದೇ. ಮೆಟ್ಟಿಲ ಮೇಲೆ ಗೋಡೆಗೆ ಅಂಟಿಕೊಳ್ಳುತ್ತಿದ್ದ ಒಬ್ಬಳು ಅಳುತ್ತಾಳೆಂದು ಅದನ್ನು ಹತ್ತು ನಿಮಿಷದಲ್ಲಿ ಕೊಟ್ಟುಬಿಟ್ಟರು. ಆಮೇಲೆ ಆ ಸುಳ್ಳು ನನಗೆ ಸುಳ್ಳೆಂದು ಗೊತ್ತಾಗದಿರಲೆಂದು ಪಬ್ಬಿನ ಎದುರು "ಒಂದು ಬಿಟ್ಟು" ಎಂದು, ಹದಿನೈದು ವರ್ಷ ನಗೆಪಾಟಲಾಗಿ, ನನ್ನಿಂದಲೂ ಚುಚ್ಚಿಸಿಕೊಂಡು, ಹಾಗೇ ಹೋದರು. ಎಪ್ಪತ್ತು ವರ್ಷದ ಮುದುಕಿ ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಥ್ಯಾಂಕ್ಸ್ ಎಂದು ಸಾವಿರ ಸಲ ಹೇಳಿದ್ದೆ, ರೇಕು ಕಲಿಸಿದ್ದಕ್ಕೆ. ಹೇಳಬೇಕಾದದ್ದಕ್ಕೆ ಒಂದು ಸಲವೂ ಹೇಳಿರಲಿಲ್ಲ.

ಹರಳು ಭದ್ರ ಮಾಡಿದೆ. ಆ ಸುಳ್ಳು ಗುರುತನ್ನು ಉಜ್ಜಿ ತೆಗೆಯಬಹುದಿತ್ತು, ಆದರೆ ಅವರು ನನಗೆ ಕೊಟ್ಟದ್ದನ್ನು ಅಳಿಸಲು ನಾನು ಯಾರು? ಹಾಗೇ ಬಿಟ್ಟರೂ ಸರಿಯಲ್ಲ. ನೂರು ವರ್ಷದ ಮೇಲೆ ಯಾವನೋ ಈ ಮುಚ್ಚಳ ಬಿಚ್ಚಿ, ಎಚ್.ಎ. ಎಂಬವನು ವಜ್ರ ತೊಳೆದ ದಡ್ಡ ಎಂದುಕೊಂಡಾನು. ಸಣ್ಣ ಉಳಿ ಹುಡುಕಿ ತೆಗೆದೆ. ಕೈ ಈಗ ಸ್ವಲ್ಪ ನಡುಗುತ್ತದೆ, ಆದರೂ ಜಾರಲಿಲ್ಲ. "ಡಿ.ವೈ. 1974"ರ ಪಕ್ಕದಲ್ಲಿ "ನಿಜ" ಎಂದು ಕೆತ್ತಿದೆ. "ಎಚ್.ಎ. 1931"ರ ಪಕ್ಕದಲ್ಲಿ "ಸುಳ್ಳು, ನನಗೋಸ್ಕರ" ಎಂದು ಕೆತ್ತಿ ಮುಚ್ಚಳ ಮುಚ್ಚಿದೆ.

ಸಂಜೆ ಪಬ್ಬಿಗೆ ಹೋಗಿ ಎಲ್ಲರಿಗೂ ಹೇಳಿದೆ. ಹಳಬರು ಮೂರು ಜನ ಉಳಿದಿದ್ದರು. ಅವರಲ್ಲೊಬ್ಬ ಇನ್ನೊಂದು ಲೋಟ ತರಿಸಿಕೊಂಡ. ಆಮೇಲೆ ಲೋಟ ಎತ್ತಿ, "ಹಂಗಾದ್ರೆ ಒಂದೂ ಇಲ್ಲ," ಎಂದ.

"ಒಂದೂ ಇಲ್ಲ," ಎಂದೆ ನಾನು.