ವಿಭೂತಿ ಬಳಿದ ಪಾರ್ಸೆಲ್

ನೀಲಾಂಬಿಕಾ ಅವರ ಸ್ಯಾಕ್ಸೊಫೋನು ಬಂದ ದಿನವೇ ಮುಷ್ಕರ ಹೂಡಿತು. ಇಟಲಿಯ ಅಂಗಡಿಯಿಂದ ತರಿಸಿದ ಹೊಚ್ಚಹೊಸ ವಾದ್ಯ. ಉಳಿದ ಕೀಲಿಗಳೆಲ್ಲ ಹೇಳಿದ ಮಾತು ಕೇಳುತ್ತಿದ್ದವು. ಎಡಗೈ ಕಿರುಬೆರಳಿನ ಕೆಳಗಿನದೊಂದು ಮಾತ್ರ, ಎಷ್ಟು ಒತ್ತಿದರೂ ಬಾಯಿ ಬಿಡಲಿಲ್ಲ.

ಬಸವೇಶ್ವರನಗರದಲ್ಲಿ ಖಡಕ್ ರೊಟ್ಟಿ ಮಾರುವ ಐವತ್ತೆಂಟರ ಹೆಂಗಸಿಗೆ ಸ್ಯಾಕ್ಸೊಫೋನು ಯಾಕಪ್ಪಾ ಎಂದು ಹುಬ್ಬೇರಿಸುವವರು ಹಿಂದಿನ ವರ್ಷದ ಬಸವ ಜಯಂತಿ ಸಮಿತಿಯ ಸಭೆಗೆ ಬರಬೇಕಿತ್ತು. ಮೆರವಣಿಗೆಯ ಮುಂದೆ ಗಂಡಸರ ಬ್ಯಾಂಡು, ಹಿಂದೆ ಹೆಂಗಸರ ಪಾನಕದ ಕೊಳಗ. ಪ್ರತಿ ವರ್ಷವೂ ಅದೇ. ನೀಲಾಂಬಿಕಾ ಎದ್ದು ನಿಂತು, "ಸಮಾನತೆ ಸಮಾನತೆ ಅಂತ ಮೈಕಲ್ಲಿ ಕೂಗ್ತೀರ. ನಮ್ಮ ಕೈಗೆ ಸೌಟು, ನಿಮ್ಮ ಕೈಗೆ ಕಹಳೆ. ಇದ್ಯಾವ ಸೀಮೆ ಸಮಾನತೆ?" ಎಂದು ಕೇಳಿದ್ದರು. ಸಮಿತಿಯವರು ಗೊಳ್ಳೆಂದು ನಕ್ಕು, "ಊದೋಕೆ ಬಂದ್ರೆ ಮುಂದಿನ ವರ್ಷ ನೀವೇ ಮುಂದೆ ಹೋಗಿ ಅಕ್ಕಾ" ಅಂದರು. ಆ ತಮಾಷೆಯನ್ನು ನೀಲಾಂಬಿಕಾ ಅಲ್ಲಿಯೇ ನಡಾವಳಿ ಪುಸ್ತಕದಲ್ಲಿ ಬರೆಸಿ, ನಕ್ಕವರೆಲ್ಲರ ಸಹಿ ಹಾಕಿಸಿಕೊಂಡರು.

ಅಲ್ಲಿಂದ ಹುಟ್ಟಿದ್ದು ಹನ್ನೊಂದು ಹೆಂಗಸರ ಬ್ಯಾಂಡು. ಹತ್ತು ಜನಕ್ಕೆ ಡೊಳ್ಳು, ತಮಟೆ, ತಾಳ. ರಾಗ ಹೊರಡಬೇಕಾದದ್ದು ಒಬ್ಬರಿಂದಲೇ. ನೀಲಾಂಬಿಕಾ ಎರವಲು ವಾದ್ಯದಲ್ಲಿ ಎಂಟು ತಿಂಗಳು ಕೆನ್ನೆ ಊದಿಸಿಕೊಂಡು ಕಲಿತರು. ಕಲಿಸಿದವರು ವಾದ್ಯ ಸಮೇತ ಊರು ಬಿಟ್ಟ ಮೇಲೆ ಸ್ವಂತದ್ದು ತರಿಸಿದರು. ಜಯಂತಿಯ ಹೊತ್ತಿಗೆ ಅವರ ಕೈಯಲ್ಲಿ ವಾದ್ಯವಿಲ್ಲದಿದ್ದರೆ ಮತ್ತೆ ಪಾನಕದ ಕೊಳಗವೇ ಗತಿ.

ಇಟಲಿಯವರು ಸಭ್ಯರು. "ವಾಪಸ್ ಕಳಿಸಿ, ನಮ್ಮ ಕೈಗೆ ಸಿಕ್ಕ ದಿನವೇ ಹೊಸದು ಹೊರಡುತ್ತದೆ" ಎಂದು ಬರೆದು, ಡಬ್ಬಕ್ಕೆ ಅಂಟಿಸುವ ಲೇಬಲ್ಲನ್ನೂ ಮೇಲ್ ಮಾಡಿದರು. ಶಿವರಾತ್ರಿಯ ಮಾರನೆಯ ದಿನ ನೀಲಾಂಬಿಕಾ ಡಬ್ಬ ಕಟ್ಟಿದರು, ಲೇಬಲ್ ಅಂಟಿಸಿದರು, ವಿಭೂತಿಯನ್ನು ನೀರಲ್ಲಿ ಕಲಸಿ ಮೂರು ಬೆರಳು ಅದ್ದಿದರು. ಅವರ ಮನೆಯಲ್ಲಿ ಸ್ಕೂಟರಿಗೂ ಮಿಕ್ಸಿಗೂ ರೊಟ್ಟಿಯ ಒಲೆಗೂ ಹಣೆಯಿದೆ, ಎಲ್ಲಕ್ಕೂ ಮೂರು ಪಟ್ಟೆಯಿದೆ. ಡಬ್ಬಕ್ಕೆ ಹಣೆ ಎಲ್ಲಿ? ಹೆಸರು ಬರೆದಿರುವ ಕಡೆ, ಮತ್ತೆಲ್ಲಿ! ಲೇಬಲ್ಲಿನ ಆ ಕಡೆಯಿಂದ ಈ ಕಡೆಗೆ ಮೂರು ಬೆರಳೂ ಸರಾಗವಾಗಿ ಓಡಿದವು. ಫೋಟೋ ತೆಗೆದು ಬ್ಯಾಂಡಿನ ಗ್ರೂಪಿಗೆ ಹಾಕಿದರು. ಹತ್ತು ಜನರೂ ಕೈ ಮುಗಿದರು.

ರಾಜಾಜಿನಗರದ 'ಮನೋವೇಗ ಕೊರಿಯರ್' ಕೌಂಟರಿನಲ್ಲಿ ಸ್ಕ್ಯಾನರ್ ಕೆಂಪು ಕಣ್ಣು ಬಿಟ್ಟು ನೋಡಿತು. ಕೀಂ ಅನ್ನಲಿಲ್ಲ. ಕೌಂಟರಿನವನು ನಂಬರನ್ನು ಕೈಯಲ್ಲೇ ಒತ್ತಿ, ತೂಗಿ, ದುಡ್ಡು ಎಣಿಸಿಕೊಂಡು, ರಸೀತಿ ಹರಿದುಕೊಟ್ಟ.

ಅದಾಗಿ ನಲವತ್ತು ದಿನ ಮನೋವೇಗದ ವೆಬ್‌ಸೈಟು 'ನಿಮ್ಮ ಪಾರ್ಸೆಲ್ ಪ್ರಯಾಣದಲ್ಲಿದೆ' ಎಂದು ಜಪ ಮಾಡಿತು. ನಲವತ್ತೊಂದನೆಯ ದಿನ ಪತ್ರ ಬಂತು: ಪಾರ್ಸೆಲ್ ಪತ್ತೆಯಾಗಿಲ್ಲ, ನಿಯಮದಂತೆ ತೂಕದ ಲೆಕ್ಕದಲ್ಲಿ ಪರಿಹಾರ. ಇಟಲಿಯವರು, ಡಬ್ಬ ಬರದೆ ಹೊಸದು ಇಲ್ಲ ಎಂದರು.

"ತೂಕದ ಲೆಕ್ಕವಂತೆ!" ನೀಲಾಂಬಿಕಾ ಪತ್ರವನ್ನು ರೊಟ್ಟಿಯ ಹಾಗೆ ತಟ್ಟಿದರು. "ಹಳೇ ಪೇಪರ್‌ನವನೂ ಇದಕ್ಕಿಂತ ಮರ್ಯಾದೆಯಿಂದ ತೂಗ್ತಾನೆ."

ಡೊಳ್ಳಿನ ಕಲಾವತಿ ಕೋರ್ಟಿನ ಎದುರು ಮೂವತ್ತು ವರ್ಷದಿಂದ ಟೈಪಿಂಗ್ ಮಾಡುವವರು. ಕಾನೂನು ಅವರ ಬೆರಳಿನ ತುದಿಯಲ್ಲಿತ್ತು. "ಮೊದಲು ನೋಟಿಸು. ಬಗ್ಗಲಿಲ್ವಾ, ಗ್ರಾಹಕ ಆಯೋಗ. ನಾವಿರೋ ಜಿಲ್ಲೇಲೇ ಹಾಕಬಹುದು, ವಕೀಲರೂ ಬೇಡ. ಆ ತೂಕದ ನಿಯಮ ನಿನಗೆ ಯಾರಾದ್ರೂ ಓದಿ ಹೇಳಿದ್ರಾ? ಸಹಿ ತಗೊಂಡ್ರಾ?"

"ರಸೀತಿ ಹಿಂದುಗಡೆ ಇರುವೆ ಸಾಲು ಥರ ಏನೋ ಇಂಗ್ಲಿಷಲ್ಲಿ ಐತೆ ಕಣೇ."

"ಇರುವೆ ಸಾಲಿಗೆಲ್ಲ ನಾವು ಬದ್ಧರಲ್ಲ ಅಂತ ವಾದ ಹಾಕೋಣ. ಸೇವಾ ನ್ಯೂನತೆ ಅಂತ ಬರೀತೀನಿ. ಡಬ್ಬದ ಫೋಟೋ ಕೊಡು."

ನೀಲಾಂಬಿಕಾ ಫೋಟೋ ತೆರೆದು ಬೆರಳಲ್ಲಿ ದೊಡ್ಡದು ಮಾಡಿದರು. ಬಾರ್‌ಕೋಡಿನ ಕಪ್ಪು ಗೆರೆಗಳ ಮೇಲೆ, ಬೆಳ್ಳಗೆ ಒಣಗಿ ಗಾರೆಯಾದ ವಿಭೂತಿ. ಅವರದ್ದೇ ಬೆರಳು.

"ಈ ಫೋಟೋ ಬೇಡ ಕಣೇ."

"ಬೇರೆ ಇದೆಯಾ?"

ಇರಲಿಲ್ಲ. ಡಬ್ಬ ಹೇಗಿತ್ತು, ಹೇಗೆ ಕಟ್ಟಿದ್ದರು ಎಂಬುದಕ್ಕೆ ಇದೊಂದೇ ಸಾಕ್ಷಿ, ಅವರ ಎಡವಟ್ಟಿಗೂ ಇದೇ ಸಾಕ್ಷಿ. ನೀಲಾಂಬಿಕಾ ಒಂದು ಲೋಟ ನೀರು ಕುಡಿದರು. "ಹಾಕು. ಮುಚ್ಚಿಟ್ಟು ಗೆದ್ದರೆ ನನಗೆ ಊದೋಕೆ ಉಸಿರು ಬರಲ್ಲ."

ಜಯಂತಿಗೆ ನಾಲ್ಕು ದಿನವಿದ್ದಾಗ ಹನ್ನೊಂದು ಹೆಂಗಸರು ಮನೋವೇಗದ ಕಚೇರಿಗೆ ನುಗ್ಗಿ, ಡೊಳ್ಳು ತಮಟೆ ಸಮೇತ ನೆಲದ ಮೇಲೆ ಚಕ್ಕಳಮಕ್ಕಳ ಕೂತರು. ಮ್ಯಾನೇಜರ್ ಚನ್ನವೀರೇಶ ಎಸಿಯಲ್ಲೂ ಬೆವರಿದ.

"ಆಂಟಿ, ಇದು ಆಫೀಸು..."

"ಗೊತ್ತಪ್ಪ. ಅದಕ್ಕೇ ಇನ್ನೂ ಬಾರಿಸಿಲ್ಲ."

ಅವನು ನೋಟಿಸು ಓದಿದ. ಫೋಟೋ ನೋಡಿದ. ಮುಖ ಟ್ಯೂಬ್‌ಲೈಟಿನ ಹಾಗೆ ಮಿಟುಕಿ ಮಿಟುಕಿ ಹತ್ತಿಕೊಂಡಿತು. "ಅಯ್ಯಯ್ಯೋ! ಬಾರ್‌ಕೋಡ್ ಮೇಲೇ ವಿಭೂತಿ ಬಳಿದಿದೀರಲ್ಲ! ಮಿಷನ್ನು ಹೆಂಗೆ ಓದುತ್ತೆ? ತಪ್ಪು ನಿಮ್ಮದೇ!"

"ಹೌದು, ನಂದೇ. ಬಳಿದದ್ದು ನಾನೇ," ಅಂದರು ನೀಲಾಂಬಿಕಾ. ಹನ್ನೊಂದು ಜನರ ನಡುವೆ ಅದನ್ನು ಹೇಳಿದಾಗ ಎದೆ ಹಗುರಾಯಿತು, ದನಿ ಮಾತ್ರ ಒಂದು ಮೆಟ್ಟಿಲು ಮೇಲೇರಿತು. "ಬಳಿದ ಡಬ್ಬಾನ ನಿಮ್ಮವರಿಗೇ ಕೊಟ್ಟೆ. ಮಿಷನ್ನಿಗೆ ಕಾಣಲಿಲ್ಲ, ನಿಮ್ಮವರಿಗೂ ಕಣ್ಣಿರಲಿಲ್ವಾ? 'ಒರೆಸಮ್ಮ' ಅನ್ನಬಹುದಿತ್ತು, 'ತಗೊಳಲ್ಲ ಹೋಗು' ಅನ್ನಬಹುದಿತ್ತು. ಕೈಯಲ್ಲೇ ನಂಬರ್ ಒತ್ತಿ ರಸೀತಿ ಕೊಟ್ರಿ. ರಸೀತಿ ಕೊಟ್ಟ ಮೇಲೆ ಅದು ನಿಮ್ಮ ಕೂಸು. ಕೂಸು ಎಲ್ಲಪ್ಪಾ?"

ಡೊಳ್ಳು ಒಂದೇ ಒಂದು ಸಲ ಧಂ ಅಂತು. ಕಲಾವತಿ, "ಕೈ ಜಾರ್ತು" ಅಂದರು.

ಚನ್ನವೀರೇಶನಿಗೆ ಆಗಲೂ ನಗು ತಡೆಯಲಾಗಲಿಲ್ಲ. ಫೋಟೋವನ್ನು ಸಿಬ್ಬಂದಿಯ ಗ್ರೂಪಿಗೆ ಹಾಕಿ, 'ನೋಡ್ರೋ, ಕಸ್ಟಮರ್‌ಗಳು ಏನೇನು ಮಾಡ್ತಾರೆ' ಎಂದು ಬರೆದು, ನಗುವ ಮುಖಗಳನ್ನು ಸಾಲಾಗಿ ಜೋಡಿಸಿದ. ಬಡವರ ಭಕ್ತಿ ಕಂಡರೆ ಕಂಪನಿಗಳಿಗೆ ಹೀಗೆಯೇ ನಗು ಉಕ್ಕುತ್ತದೆ. ತಮ್ಮ ಬೇಜವಾಬ್ದಾರಿ ಕಂಡರೆ ಬರೀ ನಿಯಮ ನೆನಪಾಗುತ್ತದೆ.

ನಿಮಿಷವಾಗಲಿಲ್ಲ, ಕೆಂಗೇರಿಯ ಗೋದಾಮಿನಿಂದ ಲೋಡಿಂಗ್ ಕೆಲಸದ ಬಾಳೇಶನ ಧ್ವನಿಸಂದೇಶ ಬಂತು. ಚನ್ನವೀರೇಶ ಒತ್ತಿದ. ಇಡೀ ಕಚೇರಿಗೆ ಕೇಳಿಸಿತು:

"ಸಾರ್, ನಗಬೇಡಿ ಸಾರ್, ಪಾಪ ಬರುತ್ತೆ! ಇದು ನಮ್ಮ ದೇವ್ರು ಸಾರ್!"

ಹನ್ನೊಂದು ಹೆಂಗಸರೂ ಒಟ್ಟಿಗೇ ಎದ್ದರು.

ಚನ್ನವೀರೇಶನನ್ನೂ ಹತ್ತಿಸಿಕೊಂಡ ಟೆಂಪೊ ಕೆಂಗೇರಿ ಮುಟ್ಟಿದಾಗ ಮಟಮಟ ಮಧ್ಯಾಹ್ನ. ತಗಡಿನ ಗೋದಾಮಿನ ಬಾಗಿಲಲ್ಲಿ ಚಪ್ಪಲಿಗಳು ಸಾಲಾಗಿದ್ದವು. ಒಳಗೆ, ಎತ್ತರದ ಕಪಾಟಿನ ಮೇಲೆ, ಕನಕಾಂಬರದ ಮಾಲೆ ಹಾಕಿಕೊಂಡು, ಊದುಬತ್ತಿಯ ಹೊಗೆಯಲ್ಲಿ ನೀಲಾಂಬಿಕಾರ ಡಬ್ಬ ವಿರಾಜಮಾನವಾಗಿತ್ತು. ಎದುರಿಗೆ ಎರಡು ಬಾಳೆಹಣ್ಣು.

ಬಾಳೇಶ ಕೈ ಕಟ್ಟಿಕೊಂಡು ವಿವರಿಸಿದ. "ಸ್ಕ್ಯಾನ್ ಆಗಲಿಲ್ಲ ಸಾರ್. ಹಂಗಾದ್ರೆ ಒಡೆದು ನೋಡಿ ಅಂತ ರೂಲ್ಸು. ಆದ್ರೆ ವಿಭೂತಿ ಹಚ್ಚವ್ರೆ, ಒಳಗೆ ಯಾವುದೋ ಮೂರ್ತಿನೇ ಇರಬೇಕು. ಯಾರಪ್ಪ ಒಡೆಯೋರು? ನೆಲದ ಮೇಲೆ ಯಾಕೆ ಅಂತ ಮೇಲಿಟ್ವಿ. ಸುಳ್ಳು ಹೇಳಬಾರದು ಸಾರ್, ಇವರು ಬಂದ ಮೇಲೆ ಈ ಗೋದಾಮಲ್ಲಿ ಒಂದು ಪಾರ್ಸೆಲ್ಲೂ ಕಳೆದಿಲ್ಲ!"

ಕಲಾವತಿ ಅಲ್ಲೇ ಮೂಟೆಯ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು. ತಮಟೆಯವರು ನಕ್ಕರು, ತಾಳದವರು ನಕ್ಕರು, ಕೊನೆಗೆ ಬಾಳೇಶನೂ ನಕ್ಕ. ನಗದಿದ್ದವನು ಚನ್ನವೀರೇಶ ಒಬ್ಬನೇ. "ಆಂಟಿ, ಸಿಕ್ತಲ್ಲ. ಇವತ್ತೇ ಫ್ಲೈಟಿಗೆ ಹಾಕ್ತೀನಿ. ನೋಟಿಸು ವಾಪಸ್ ತಗೊಂಡುಬಿಡಿ."

ಇಟಲಿಗೆ ಹೋಗಿ ಹೊಸದು ಬರುವ ಹೊತ್ತಿಗೆ ಜಯಂತಿ ಮುಗಿದಿರುತ್ತದೆ. ನೀಲಾಂಬಿಕಾ ಡಬ್ಬವನ್ನು ಕೆಳಗಿಳಿಸಿ, ಕೈ ಮುಗಿದು, ಒಡೆದರು. ದೇವರು ಹಿತ್ತಾಳೆಯ ಕೊರಳು ಚಾಚಿ ಹೊಳೆಯಿತು. ಬಾಳೇಶ "ಅಯ್ಯೋ, ಊದೋದಾ!" ಎಂದು ಬಾಯಿ ಬಿಟ್ಟ.

ಅವರು ಮೆರವಣಿಗೆಯ ರಾಗ ಹಿಡಿದರು. ಸಾಲಿನ ಕೊನೆಗೆ ಬಂದಾಗ ಹಟಮಾರಿ ಕೀಲಿ ಹಳೆಯ ಹಟವನ್ನೇ ಹಿಡಿಯಿತು. ಸ್ವರ ಇರಬೇಕಾದಲ್ಲಿ ಒಂದು ಗುಳಿ. ನೀಲಾಂಬಿಕಾರ ಕಣ್ಣು ತುಂಬಿತು. ಬಿಡದೆ ಇನ್ನೊಮ್ಮೆ ಊದಿದರು. ಎರಡನೇ ಸಲ ಆ ಗುಳಿ ಬಂದಾಗ, ತಾಳ ತಪ್ಪುವುದನ್ನು ಸಹಿಸಲಾಗದ ಬಾಳೇಶ ತನಗರಿವಿಲ್ಲದೆ ಕೈಯೆತ್ತಿ "ಹೋಯ್!" ಎಂದು ತುಂಬಿಸಿದ.

ಎಲ್ಲರೂ ಅವನನ್ನು ನೋಡಿದರು.

"ಇನ್ನೊಂದ್ಸಲ ಅನ್ನೋ," ಅಂದರು ನೀಲಾಂಬಿಕಾ.

ನಾಲ್ಕನೆಯ ದಿನ ಬಸವೇಶ್ವರನಗರದ ರಸ್ತೆಯ ತುಂಬ ಆ "ಹೋಯ್" ಕೇಳಿಸಿತು. ಸಾಲು ಮುಗಿಯುವಲ್ಲಿ ಸ್ಯಾಕ್ಸೊಫೋನು ಸುಮ್ಮನಾದರೆ ಸಾಕು, ಹೂ ಮಾರುವವರು, ಆಟೊದವರು, ಬಾಲ್ಕನಿಯ ಅಜ್ಜಿಯರು ಎಲ್ಲರೂ ಅದನ್ನು ತುಂಬಿಸುತ್ತಿದ್ದರು. ಮುಂದೆ ಹನ್ನೊಂದು ಹೆಂಗಸರು. ಹಿಂದೆ, ನಡಾವಳಿಗೆ ಸಹಿ ಹಾಕಿದ್ದ ಸಮಿತಿಯವರು ಪಾನಕದ ಕೊಳಗ ಹೊತ್ತಿದ್ದರು.

ನೋಟಿಸು ವಾಪಸಾಯಿತು, ಆದರೆ ಪುಕ್ಕಟೆ ಅಲ್ಲ. ತಡ ತಮ್ಮದೇ ಎಂದು ಮನೋವೇಗದವರು ಇಟಲಿಗೆ ಬರೆದುಕೊಡಬೇಕು, ತಮ್ಮ ಖರ್ಚಿನಲ್ಲೇ ಕಳಿಸಬೇಕು, ರಸೀತಿಯ ಹಿಂದಿನ ಇರುವೆ ಸಾಲನ್ನು ಬೆರಳು ಗಾತ್ರದ ಕನ್ನಡದಲ್ಲಿ ಹಲಗೆಯ ಮೇಲೆ ಬರೆಸಿ ಕೌಂಟರಿನ ಮೇಲೆ ತೂಗುಹಾಕಬೇಕು. ಮೂರಕ್ಕೂ ಚನ್ನವೀರೇಶ ಸಹಿ ಹಾಕಿದ. ಸಹಿ ಹಾಕಿಸಿಕೊಳ್ಳುವುದರಲ್ಲಿ ನೀಲಾಂಬಿಕಾ ಪಳಗಿದವರು.

ಜಯಂತಿಯ ಮಾರನೆಯ ದಿನ ಹೊಸ ಡಬ್ಬ, ಹೊಸ ಲೇಬಲ್. ಆ ಹಲಗೆಯ ಕೆಳಗೆ ಸ್ಕ್ಯಾನರ್ ಹಿಡಿದ ಚನ್ನವೀರೇಶ ಅವರ ಮೂರು ಬೆರಳನ್ನೇ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಬೆರಳುಗಳು ಲೇಬಲ್ಲಿನ ಹತ್ತಿರ ಬಂದವು, ನಿಂತವು.

"ಹೆದರಬೇಡಪ್ಪ," ಅಂದರು ನೀಲಾಂಬಿಕಾ, ಡಬ್ಬವನ್ನು ಮಗುಚಿ ಬೆನ್ನಿಗೆ ಬಳಿಯುತ್ತ. "ಮೊದಲು ಕೀಂ ಅನ್ನಿಸು."

ಕೀಂ ಅಂತು. ಬೆರಳಲ್ಲಿ ಉಳಿದದ್ದನ್ನು ಅವರು ಅವನ ಹಣೆಗೆ ಹಚ್ಚಿದರು.