ಕಂಪಾಸ್ ಡಬ್ಬಿಯ ಆರು ಕಾರ್ಡುಗಳು

ಅಂಜನಾಳ ಕೈಚೀಲದಲ್ಲಿ ಊಟದ ಡಬ್ಬಿಯ ಪಕ್ಕ ಶಾಲೆಯ ದಿನಗಳ ಒಂದು ಕಂಪಾಸ್ ಡಬ್ಬಿ ಇರುತ್ತಿತ್ತು. ಅದರೊಳಗೆ ಈಗ ಕೈವಾರವೂ ಇಲ್ಲ, ಕೋನಮಾಪಕವೂ ಇಲ್ಲ. ಕಮಲಾಪುರದ ಅವಳ ಓಣಿಯ ಆರು ಮನೆಗಳ ಆರು ಎಟಿಎಂ ಕಾರ್ಡುಗಳಿದ್ದವು.

ಅದು ಶುರುವಾಗಿ ನಾಲ್ಕು ವರ್ಷವಾಗಿತ್ತು. ಅವಳು ದಿನಾ ಬೆಳಗಿನ ಬಸ್ಸಿಗೆ ಕಲಬುರಗಿಗೆ ಹೋಗಿ, ಶರಣಬಸವೇಶ್ವರ ದೇವಸ್ಥಾನದ ಹತ್ತಿರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದುಡಿದು ಸಂಜೆ ಮರಳುವವಳು. ಮೊದಲು ಪಕ್ಕದ ಮನೆಯ ಮಸ್ತಾನಬಿ, “ಬೇಟಾ, ಹ್ಯಾಂಗೂ ಹೋಗ್ತೀದಿ, ಎರಡು ಸಾವಿರ ತಗೊಂಡು ಬಾ” ಎಂದು ಕಾರ್ಡು ಕೊಟ್ಟಳು. ಅದನ್ನು ನೋಡಿ ದೌಲಪ್ಪ ಕೊಟ್ಟ, ಅವನನ್ನು ನೋಡಿ ಎದುರು ಮನೆಯ ದತ್ತಪ್ಪ. ಹೀಗೆ ಆರಾದವು. ಕಾರ್ಡಿನ ಜೊತೆ ಪಿನ್ನನ್ನೂ ಹೇಳುತ್ತಿದ್ದರು, ಓಣಿಯ ನಡುವೆ ನಿಂತು, ಗಟ್ಟಿ ದನಿಯಲ್ಲಿ.

ಅಂಜನಾ ರಸಾಯನಶಾಸ್ತ್ರ ಓದಿದವಳು. ಲ್ಯಾಬಿನಲ್ಲಿ ಚೀಟಿ ಇಲ್ಲದ ಟ್ಯೂಬು ಎಂದರೆ ಯಾರದೂ ಅಲ್ಲದ ರಕ್ತ, ಚೆಲ್ಲಬೇಕು. ಚೀಟಿ ಇದ್ದರೆ ಅದು ಹೇಳಿದ್ದೇ ಸತ್ಯ. ಆ ಶಿಸ್ತನ್ನೇ ಅವಳು ಕಾರ್ಡುಗಳಿಗೂ ತಂದಿದ್ದಳು. ಒಂದೊಂದಕ್ಕೂ ಕಾಗದದ ಲಕೋಟೆ, ಲಕೋಟೆಯ ಮೇಲೆ ಲ್ಯಾಬಿನ ಬಿಳಿ ಚೀಟಿ, ಚೀಟಿಯ ಮೇಲೆ ಕಪ್ಪು ಪೆನ್ನಿನ ದುಂಡನೆಯ ಅಕ್ಷರ: ಹೆಸರು, ಫೋನ್ ನಂಬರು, ಪಿನ್ನು. ಒಬ್ಬರದು ಇನ್ನೊಬ್ಬರಿಗೆ ಸೇರಬಾರದಲ್ಲ! ನಾಲ್ಕು ವರ್ಷದಲ್ಲಿ ಒಂದು ಸಲವೂ ಸೇರಿರಲಿಲ್ಲ.

ಆ ಬುಧವಾರ ನಾಲ್ಕು ಗಂಟೆಗೆ ಕೆಲಸ ಮುಗಿಸಿ ಐವಾನ್-ಎ-ಶಾಹಿ ಕಡೆಯ ಒಂದು ಎಟಿಎಂಗೆ ಹೋದಳು. ಒಳಗೆ ಯಾರೂ ಇರಲಿಲ್ಲ. ಆರೂ ಲಕೋಟೆಗಳನ್ನು ಯಂತ್ರದ ಮುಂದಿನ ಕಟ್ಟೆಯ ಮೇಲೆ ಚೀಟಿ ಮೇಲ್ಮುಖವಾಗಿ ಸಾಲಾಗಿ ಹರಡಿದಳು. ಅದು ಅವಳ ರೂಢಿ. ದತ್ತಪ್ಪನ ಹಣ ಬಂತು, ಕಾರ್ಡೂ ಸ್ವಲ್ಪ ತಡೆದು ಬಂತು. ಮಸ್ತಾನಬಿಯ ಕಾರ್ಡು ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಪರದೆ ಅಲ್ಲಾಡದೆ ನಿಂತಿತು. ಬಟನ್ನು ಒತ್ತಿದಳು, ಕಾದಳು, ಮತ್ತೆ ಒತ್ತಿದಳು.

ಯಂತ್ರದ ಬಲಕ್ಕೆ ಗೋಡೆಯ ಮೇಲೆ ಒಂದು ಬಿಳಿ ಚೀಟಿ ಇತ್ತು. ಅಂಚು ಏಳದಂತೆ, ನೇರವಾಗಿ ಅಂಟಿಸಿದ ಅಚ್ಚುಕಟ್ಟಾದ ಚೀಟಿ. “ಕಾರ್ಡು ಸಿಕ್ಕಿಕೊಂಡರೆ ಕರೆ ಮಾಡಿ” ಎಂದು ಅಚ್ಚಾಗಿತ್ತು, ಕೆಳಗೆ ಹತ್ತು ಅಂಕಿ.

ಮೊದಲ ರಿಂಗಿಗೇ ಎತ್ತಿದರು, ಮೆತ್ತಗಿನ ಗಂಡು ದನಿ.

“ಹೇಳ್ರಿ ಅಕ್ಕಾರೀ.”

“ಕಾರ್ಡ್ ಒಳಗ ಸಿಕ್ಕೊಂಡದ್ರಿ.”

“ಗಾಬ್ರಿ ಆಗಬ್ಯಾಡ್ರಿ. ಮಷೀನಿಂದು ದಿನಾ ಇದ ರಾಮಾಯಣ. ಹೆಸರು, ಊರು ಹೇಳ್ರಿ, ಬರ್ಕೋತೀನಿ.”

ತನ್ನದನ್ನೇ ಹೇಳಿದಳು. ಪಿನ್ ಇನ್ನೊಮ್ಮೆ ಒತ್ತಿ ಕ್ಯಾನ್ಸಲ್ ಒತ್ತಿರಿ ಎಂದ. ಒತ್ತಿದಳು. ಕಾರ್ಡು ಬರಲಿಲ್ಲ.

“ಆಯ್ತು ಬಿಡ್ರಿ. ನಾಳೆ ಹತ್ತಕ್ಕ ಎಂಜಿನಿಯರ್ ಬರ್ತಾರ, ಬ್ಯಾಂಕಿಗೆ ಹೋಗಿ ಇಸ್ಕೊರಿ. ಉಳದ ಐದೂ ಕಾರ್ಡ್ ಈ ಮಷೀನಿಗೆ ಹಾಕಬ್ಯಾಡ್ರಿ ಮತ್ತ, ಅವೂ ಸಿಕ್ಕೊಂಡಾವು.”

“ಥ್ಯಾಂಕ್ಸ್ ರೀ” ಎಂದಳು ಅಂಜನಾ. ಲಕೋಟೆಗಳನ್ನು ಜೋಡಿಸಿ ಡಬ್ಬಿಗಿಟ್ಟು, ಬಸ್ ನಿಲ್ದಾಣದ ಕಡೆ ಹೊರಟಳು.

ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಮಹಾಗಾಂವ ಕ್ರಾಸ್ ಬರುವ ಹೊತ್ತಿಗೆ ಬಿಸಿಲು ಇಳಿದು ಕಪ್ಪು ಹೊಲಗಳು ಇನ್ನೂ ಕಪ್ಪಾಗಿದ್ದವು. ಮಸ್ತಾನಬಿ ಖಾಲಾಗೆ ಏನು ಹೇಳುವುದೆಂದು ಯೋಚಿಸುತ್ತ ಅವಳು ಆ ಮಾತುಕತೆಯನ್ನು ಮೊದಲಿಂದ ನೆನೆದಳು. ಒಂದು ಅಂಕಿಯ ಹತ್ತಿರ ಬಂದು ಅವಳ ಮನಸ್ಸು ನಿಂತುಬಿಟ್ಟಿತು.

ಐದು.

ತನ್ನ ಬಳಿ ಇನ್ನೂ ಕಾರ್ಡುಗಳಿವೆ ಎಂದು ಅವಳು ಹೇಳಿರಲೇ ಇಲ್ಲ.

ಈಗ ಒಂದೊಂದೇ ನೆನಪಿಗೆ ಬಂದವು. ಕೀಲಿಮಣೆಯ ಮೇಲ್ಗಡೆ ಬೆರಳಗಲದ ಹೊಸ ಪ್ಲಾಸ್ಟಿಕ್ ಪಟ್ಟಿ ಇತ್ತು, ಅದರಲ್ಲಿ ಸಾಸಿವೆಯಷ್ಟು ತೂತು. ಕಣ್ಣಿಗೆ ಬಿದ್ದಿತ್ತು. ರಿಪೇರಿ ಮಾಡಿರಬೇಕೆಂದು ತಾನೇ ಅದಕ್ಕೊಂದು ಕಾರಣ ಕೊಟ್ಟುಕೊಂಡಿದ್ದಳು. ಹತ್ತು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳು! ಒತ್ತುವಾಗ ಎಡಗೈ ಅಡ್ಡ ಹಿಡಿದಿದ್ದಳು, ನಿಜ. ಪಿನ್ನು ಮಾತ್ರ ಕಟ್ಟೆಯ ಮೇಲೆ, ಅವಳದೇ ದುಂಡನೆಯ ಅಕ್ಷರದಲ್ಲಿ, ಆ ತೂತಿನೊಳಗಿನ ಕ್ಯಾಮೆರಾಕ್ಕೆ ಎದುರಾಗಿ ಬಿದ್ದುಕೊಂಡಿತ್ತು. ಸಿಕ್ಕಿಸಿದ ಕಾರ್ಡನ್ನು ಅವಳು ಹೊರಟ ಮೇಲೆ ಅವರೇ ಎಳೆದುಕೊಂಡಿರಬೇಕು.

ಮಸ್ತಾನಬಿಗೆ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಆ ಖಾತೆಯಲ್ಲಿ ಐವತ್ತೆಂಟು ಸಾವಿರ ಇತ್ತು. ಮಸ್ತಾನಬಿ ಕೌದಿ ಹೊಲಿದು, ಒಂದು ಜೊತೆ ಬಳೆ ಮಾರಿ, ಮೊಮ್ಮಗಳು ಸಿದ್ರಾಳ ನರ್ಸಿಂಗ್ ಕಾಲೇಜಿನ ಎರಡನೇ ವರ್ಷದ ಫೀಸಿಗೆ ಕೂಡಿಸಿದ ಹಣ. ಬೀದರಿನಲ್ಲಿ ಓದುತ್ತಿದ್ದ ಹುಡುಗಿಗೆ ಶನಿವಾರ ಕಡೆಯ ದಿನ.

ಅಂಜನಾಳ ಖಾತೆಯೂ ಅದೇ ಬ್ಯಾಂಕಿನದು. ತನ್ನ ಕಾರ್ಡನ್ನು ತಿರುಗಿಸಿ ಬೆನ್ನಿನ ಮೇಲಿದ್ದ ಸಹಾಯವಾಣಿಗೆ ಕರೆ ಮಾಡಿದಳು. ಗೋಡೆ ನೋಡುವ ಬದಲು ಮೊದಲೇ ಇದನ್ನು ನೋಡಬಹುದಿತ್ತು. ಆ ಕಡೆಯ ಹೆಂಗಸು ಸಮಾಧಾನದಿಂದಲೇ, “ಖಾತೆದಾರರ ಮೊಬೈಲಿನಿಂದಲೇ ಕರೆ ಮಾಡಿಸಿ ಮೇಡಂ” ಎಂದಳು.

ಇನ್ನು ಹನ್ನೆರಡು ಕಿಲೋಮೀಟರು. ಬಸ್ಸು ಎಲ್ಲಿ ಕೈ ಕಂಡರೂ ನಿಲ್ಲುತ್ತಿತ್ತು. ಒಬ್ಬ ಮುದುಕ ಎರಡು ಗೊನೆ ಕೆಂಪು ಬಾಳೆ ಹತ್ತಿಸಲು ಎರಡೂವರೆ ನಿಮಿಷ ತೆಗೆದುಕೊಂಡ. “ಗೊನಿಗೂ ಟಿಕೇಟ್ ತಗೀ ಯಜಮಾನ” ಎಂದ ಕಂಡಕ್ಟರ್. “ಕಿಟಕಿ ಕಡೆ ಸೀಟ್ ಕೊಡು, ತಗೀತೀನಿ” ಎಂದ ಮುದುಕ. ಬಸ್ಸು ನಕ್ಕಿತು. ಅಂಜನಾ ಗಡಿಯಾರದ ಮುಳ್ಳು ನೋಡುತ್ತ ಕುಳಿತಿದ್ದಳು.

ಇಳಿದವಳು ಓಡಿದಳು. ಮಸ್ತಾನಬಿ ಅಂಗಳದಲ್ಲಿ ಕೌದಿ ಹಾಸಿಕೊಂಡು ಸೂಜಿ ಆಡಿಸುತ್ತಿದ್ದಳು.

“ಖಾಲಾ, ಫೋನ್ ಎಲ್ಲದ?”

“ಒಳಗ ಚಾರ್ಜಿಗೆ ಹಾಕೀನಿ. ಅರೆ, ಯಾಕ್ ಹಿಂಗ ಓಡ್ಕೊಂಡು ಬಂದಿ? ನೀರ್ ಕುಡಿ ಮೊದಲ.”

“ಮೆಸೇಜ್ ಬಂದಾವೇನು?”

“ನಾಕು ಸಲ ಟಿಂಗ್ ಅಂತು. ಕಂಪನಿಯವ್ರು, ಅವ್ರಿಗೇನ್ ಕೆಲಸ ಅದ? ನಾ ನಮಾಜಿನಾಗಿದ್ದೆ.”

ನಾಲ್ಕು ಸಂದೇಶಗಳಿದ್ದವು. ಹತ್ತು ಸಾವಿರ, ಹತ್ತು ಸಾವಿರ, ಒಂದು ಅಂಗಡಿಯಲ್ಲಿ ಹನ್ನೆರಡು ಸಾವಿರ, ಆರು ನಿಮಿಷದ ಹಿಂದೆ ಮತ್ತೊಂದರಲ್ಲಿ ಆರು ಸಾವಿರ. ಅಂಜನಾ ನಿಂತಲ್ಲೇ ಸಹಾಯವಾಣಿಗೆ ಕರೆ ಮಾಡಿ ಸ್ಪೀಕರ್ ಹಾಕಿದಳು. ಮಸ್ತಾನಬಿ ತನ್ನ ಹೆಸರು, ಹುಟ್ಟಿದ ದಿನ ಹೇಳಿದಳು. ಸೂಜಿ ಇನ್ನೂ ಕೈಯಲ್ಲೇ ಇತ್ತು.

“ಕಾರ್ಡ್ ಬ್ಲಾಕ್ ಆಗಿದೆ” ಎಂದಿತು ದನಿ. “ಒಂದು ಪ್ರಶ್ನೆ. ಪಿನ್ ಯಾರು ಹಾಕಿದ್ದು? ಬೇರೆ ಯಾರಿಗಾದರೂ ಗೊತ್ತಿತ್ತಾ? ಎಲ್ಲಾದರೂ ಬರೆದಿಟ್ಟಿದ್ರಾ?”

ಮಸ್ತಾನಬಿಗೆ ಅಷ್ಟರಲ್ಲಿ ಎಲ್ಲ ತಿಳಿದಿತ್ತು. ಅಂಜನಾಳ ಮೊಣಕೈ ಹಿಡಿದು ಪಿಸುಗುಟ್ಟಿದಳು: “ನಾನ ಹಾಕೀನಿ ಅಂತೀನಿ. ನೀ ಸುಮ್ಮನಿರು.”

ಹಾಗಂದರೆ ಹಣ ವಾಪಸು ಬರುವ ಆಸೆ ಸ್ವಲ್ಪವಾದರೂ ಉಳಿಯುತ್ತದೆ ಎಂದು ಅಂಜನಾಳಿಗೂ ಗೊತ್ತಿತ್ತು. ಪಿನ್ ಕೊಟ್ಟವರ ನಷ್ಟ ಅವರದೇ ಎಂದು ಬ್ಯಾಂಕಿನವರು ಹೇಳಬಹುದು. ಆದರೆ ಆ ಎಟಿಎಂನ ಮೂಲೆಯಲ್ಲಿ ಬ್ಯಾಂಕಿನದೇ ಕ್ಯಾಮೆರಾ ಇತ್ತು, ಅದರಲ್ಲಿ ತನ್ನ ಮುಖ ಇತ್ತು. ಅದಿಲ್ಲದಿದ್ದರೂ ಬೇರೆ ಹೆಸರಿನ ಚೀಟಿ ಅಂಟಿಸುವುದು ಅವಳ ಕೈಯಿಂದ ಆಗುವಂಥದಲ್ಲ.

“ನಾನು ಹಾಕಿದ್ದು” ಎಂದಳು. “ಪಿನ್ನೂ ನಾನೇ ಬರೆದಿಟ್ಟಿದ್ದೆ.”

ಆ ಕಡೆಯಿಂದ ಟೈಪ್ ಮಾಡುವ ಸದ್ದು ಬಂತು. “ಬರೆದುಕೊಂಡಿದ್ದೇನೆ. ಹೋದ ಹಣದ ಬಗ್ಗೆ ಈಗಲೇ ಏನೂ ಹೇಳೋಕಾಗಲ್ಲ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ.”

ದೂರನ್ನೂ ಕೊಟ್ಟಾಯಿತು. ಉಳಿದದ್ದು ಇಪ್ಪತ್ತು ಸಾವಿರ.

“ಸಿದ್ರಾನ ಫೀಸ್ ನಾ ತುಂಬತೀನಿ ಖಾಲಾ. ಶನಿವಾರದೊಳಗ.”

ಮಸ್ತಾನಬಿ ಅವಳ ಮುಖ ನೋಡಲಿಲ್ಲ. ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. “ಅದರ ಮಾತು ಆಮ್ಯಾಲ. ನನ್ನ ಚೀಟಿ ನೋಡಿದವರು ಬಾಕೀದ್ದು ನೋಡ್ಯಾರೋ ಇಲ್ಲೋ?”

“ನೋಡಿದ್ರೂ ಕಾರ್ಡ್ ನನ್ನ ಹತ್ರಾನ ಅವಲ್ಲ. ಬರೇ ಪಿನ್ನಿನಿಂದ ಏನ್ ಮಾಡ್ತಾರ?”

ಹೇಳಿದ ಮೇಲೆ ಅವಳು ಡಬ್ಬಿ ತೆರೆದು ಒಂದು ಲಕೋಟೆ ತೆಗೆದಳು. ದೌಲಪ್ಪ. ಅದರ ಕೆಳಗೆ ಹತ್ತು ಅಂಕಿ. ಅದರ ಕೆಳಗೆ ನಾಲ್ಕು ಅಂಕಿ. ಹಣ ತೆಗೆದ ಕೂಡಲೇ ತಿಳಿಸಲು ಬೇಕಾಗುತ್ತದೆಂದು ಫೋನ್ ನಂಬರನ್ನು ತಾನೇ ಸೇರಿಸಿದ್ದಳು.

ದೌಲಪ್ಪನ ಮನೆ ಮೂರು ಮನೆ ಆಚೆ. ಅತ್ತ ಧಾವಿಸಿದಳು. ಅವನು ಜಗಲಿಯ ದೀಪದ ಕೆಳಗೆ ಪಾಸ್‌ಬುಕ್ ತೊಡೆಯ ಮೇಲೆ ತೆರೆದಿಟ್ಟುಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಫೋನಿನ ಪರದೆಯನ್ನು ಕಣ್ಣಿನ ಹತ್ತಿರ ತಂದು ಓದುತ್ತಿದ್ದ.

“ಏಳು... ಒಂದು... ಮತ್ತ ಒಂದು... ನಾಕು... ತಡೀರಿ ಸಾಹೇಬ್ರ, ಮುಂದಿಂದು ಮೂರೋ ಎಂಟೋ...”

“ಮಾಮಾ, ಹೇಳಬ್ಯಾಡ್ರಿ!”

“ಬಾ ಅಂಜನಾ, ಛಲೋ ಟೈಮಿಗಿ ಬಂದಿ. ಬ್ಯಾಂಕಿನವರು. ನೀನ ಹೇಳಿಯಂತಲ್ಲ, ಕಾರ್ಡ್ ಹೊಸಾದು ಮಾಡ್ಸಬೇಕು ಅಂತ. ಅಕೌಂಟ್ ನಂಬರ್ ಕೊಟ್ಟೀನಿ. ಮೆಸೇಜಿನಾಗ ಆರು ಅಂಕಿ ಬಂದಾವ, ನಾಕು ಹೇಳೀನಿ, ಇನ್ನ ಎರಡು ಅವ.”

“ಅವರು ಬ್ಯಾಂಕಿನವರಲ್ಲ!”

“ಅಲ್ಲ ಅಂದ್ರ? ನನ್ನ ಪಿನ್ ಅವರ ಹೇಳಿದ್ರಲ್ಲ, ಮೊದಲ. ನಿನ್ನ ಬಿಟ್ರ ಯಾರಿಗಿ ಗೊತ್ತದ ಅದು?”

ಅವಳು ಫೋನು ಕಸಿದುಕೊಂಡಳು. ಕಟ್ ಮಾಡಬೇಕೆಂದು ಬೆರಳು ಎತ್ತಿದಳು. ಸ್ಪೀಕರಿನಿಂದ ಅದೇ ದನಿ, ಅದೇ ಮೆತ್ತಗಿನ ದನಿ ಬಂತು.

“ಅಕ್ಕಾರೀ, ಮನೀ ಮುಟ್ಟಿದ್ರೇನ್ರಿ?”

ಅಂಜನಾ ಕಟ್ ಮಾಡಿ, ಫೋನನ್ನೇ ಆರಿಸಿದಳು. ದೌಲಪ್ಪ ಕನ್ನಡಕ ತೆಗೆದು ಅವಳನ್ನೂ, ಅವಳ ಕೈಯಲ್ಲಿದ್ದ ಕಂಪಾಸ್ ಡಬ್ಬಿಯನ್ನೂ ನೋಡಿದ. ನಾಲ್ಕು ವರ್ಷದಲ್ಲಿ ಅವನು ಅವಳನ್ನು ಹಾಗೆ ನೋಡಿದ್ದು ಅದೇ ಮೊದಲು.

ಅಷ್ಟರಲ್ಲಿ ದತ್ತಪ್ಪನ ಮನೆಯೊಳಗೆ ಫೋನು ರಿಂಗಾಗತೊಡಗಿತು.

ಅಂಜನಾ ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು. ಅವಳು ಹೊಸ್ತಿಲು ಮುಟ್ಟುವ ಮೊದಲೇ ರಿಂಗು ನಿಂತಿತು. ಒಳಗಿನಿಂದ ದತ್ತಪ್ಪನ ಮಾತು ಕೇಳಿಸಿತು:

“ಹೌದ್ರಿ, ನಾನ ದತ್ತಪ್ಪ. ಹೇಳ್ರಿ.”