ಹಗ್ಗ ಹಿಡಿಯುವ ಕೈ

ಕಾಡಂಚಿನ ನಮ್ಮ ಹಾಡಿಯಲ್ಲಿ ಹೆಜ್ಜೇನು ಬಿಡಿಸಲು ಮರ ಹತ್ತುವವನ ಸೊಂಟದ ಹಗ್ಗವನ್ನು ಕೆಳಗೆ ನಿಂತು ಹಿಡಿಯಬೇಕಾದವನು ಅವನ ಹೆಂಡತಿಯ ಅಣ್ಣನೋ ತಮ್ಮನೋ. ಸ್ವಂತ ಅಣ್ಣತಮ್ಮಂದಿರನ್ನೂ ನಂಬುವುದಿಲ್ಲ, ಅವರಿಗೆ ಏನೋ ಹಳೆಯ ಜಗಳ ನೆನಪಾಗಬಹುದು. ಹೆಂಡತಿಯ ತಮ್ಮ ಮಾತ್ರ ಬಿಡಲಾರ. ಬಿಟ್ಟರೆ ಮುಂಡೆಯಾಗುವವಳು ಅವನ ಅಕ್ಕನೇ. ಹಗ್ಗ ಹಿಡಿಯುವವನಿಲ್ಲದೆ ನಮ್ಮಲ್ಲಿ ಯಾರೂ ಹೆಜ್ಜೇನಿನ ಮರ ಹತ್ತಿದ್ದನ್ನು ನಾನು ಕಂಡಿರಲಿಲ್ಲ, ನನ್ನ ತಾತನೂ ಕಂಡಿರಲಿಲ್ಲ. ನಾನು ಗುಂಡ. ನನ್ನ ಅಕ್ಕ ರಂಗಿಯ ಗಂಡ ಬೆಳ್ಳನ ಹಗ್ಗವನ್ನು ಹನ್ನೊಂದು ವರ್ಷ ಹಿಡಿದೆ.

ಎಪ್ಪತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಒಂದು ಮತ್ತಿ ಮರದ ಕೊಂಬೆ ಭಾವನ ಕಾಲ ಕೆಳಗೆ ಮುರಿಯಿತು. ಹಗ್ಗ ನನ್ನ ಅಂಗೈಗಳ ನಡುವೆ ಓಡಿತು, ಚರ್ಮ ಕಿತ್ತು ಬಂತು, ಪ್ರಾಣ ಹೋದಂತಾಯಿತು. ಆದರೂ ಬಿಡಲಿಲ್ಲ. ಭಾವ ನೆಲಕ್ಕೆ ಬೀಳಲಿಲ್ಲ ನಿಜ, ಆದರೆ ಹಗ್ಗದಲ್ಲಿ ತೂಗಿಕೊಂಡು ಹೋಗಿ ಹಣೆಯನ್ನು ಬೊಡ್ಡೆಗೆ ಬಡಿದುಕೊಂಡ.

ರಂಗಿ ಓಡಿ ಬಂದವಳೇ ನನ್ನ ಎರಡೂ ಕೈ ಹಿಡಿದು ಅಂಗೈ ಮೇಲೆ ಮಾಡಿ ನೋಡಿದಳು. ಇದೂ ನಮ್ಮ ಪದ್ಧತಿಯೇ. ಹತ್ತಿದವನು ಬಿದ್ದರೆ ಹಿಡಿದವನ ಅಂಗೈ ನೋಡುತ್ತಾರೆ. ಅಂಗೈ ಸುಲಿದಿದ್ದರೆ ಅವನ ಮೇಲೆ ಯಾರೂ ಒಂದು ಮಾತು ಆಡುವ ಹಾಗಿಲ್ಲ. ಅವಳು ಅಳುತ್ತಲೇ ನನ್ನ ಕೈಗೆ ಜೇನು ಸವರಿದಳು.

ಬೀಚನಹಳ್ಳಿ ಅಣೆಕಟ್ಟೆಯ ಕೆಲಸಕ್ಕೆ ಕಲ್ಲು ಹೊರುತ್ತಿದ್ದ ಲಾರಿಯಲ್ಲಿ ಭಾವನನ್ನು ಮೈಸೂರಿಗೆ ಸಾಗಿಸಿದೆವು. ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ. ಆರನೇ ದಿನ ಕಣ್ಣು ಬಿಟ್ಟ. ಹತ್ತನೇ ದಿನ ನನ್ನನ್ನು ನೋಡಿ, "ಏನ್ಲಾ ಗುಂಡ, ಮುಖ ಹಿಂಗ್ ಮಾಡ್ಕಂಡಿದ್ದೀಯೆ, ಎಂಡ್ರು ಓಡೋದ್ಲಾ?" ಎಂದು ನಕ್ಕ. ಅಬ್ಬಾ, ನನಗಾದ ಸಂತೋಷ! ಹಾಡಿಯ ಹೆಸರು, ದೇವರ ಹೆಸರು, ಯಾವ ಮರದಲ್ಲಿ ಯಾವ ತಿಂಗಳು ಜೇನುಹುಳ ಕೂರುತ್ತದೆ, ಎಲ್ಲ ಹೇಳಿದ. ಭಾವ ಪೂರ್ತಿ ವಾಪಸ್ ಬಂದ ಎಂದುಕೊಂಡೆ.

ಮನೆಗೆ ಕಳಿಸುವ ದಿನ ಡಾಕ್ಟರು ನೀಲಕಂಠಸ್ವಾಮಿಯವರು ನನ್ನನ್ನು ಹತ್ತಿರ ಕರೆದು, ಭಾವನ ತಲೆಯ ಮೇಲೇ ಬೆರಳಿಟ್ಟು ತೋರಿಸಿದರು.

"ನೋಡಪ್ಪ, ತಲೆಯ ಹಿಂಭಾಗದ ಮಿದುಳು ಕಣ್ಣು ಕಂಡದ್ದನ್ನು ತಿಳಿಯುತ್ತೆ. ಇವನಿಗೆ ಅದು ಚೆನ್ನಾಗಿದೆ. ಕಿವಿಯ ಪಕ್ಕದ್ದು ಕೇಳಿದ್ದನ್ನು ತಿಳಿದು ನೆನಪಿಡುತ್ತೆ. ಅದೂ ಸರಿ. ನೆತ್ತಿಯ ಹಿಂದಿನದು ಮುಟ್ಟಿದ್ದು, ಬಿಸಿ, ತಂಪು ತಿಳಿಯುತ್ತೆ. ಅದೂ ಸರಿ. ಒಳಗೆ ಆಳದಲ್ಲಿ ಹಸಿವು, ಬಾಯಾರಿಕೆ, ನಿದ್ದೆ ನೋಡಿಕೊಳ್ಳುವ ಒಂದು ಸಣ್ಣ ಭಾಗ ಇದೆ. ಅದಕ್ಕೂ ಏನೂ ಆಗಿಲ್ಲ." ಆಮೇಲೆ ಹಣೆ ಮುಟ್ಟಿದರು. "ಇದರ ಹಿಂದಿರೋದು ಜಜ್ಜಿ ಹೋಗಿದೆ. ಮುಂದೇನಾಗುತ್ತೆ ಅಂತ ಯೋಚಿಸೋದು, ಆಸೆಯಾದಾಗ ತಾಳು ಅನ್ನೋದು, ಶುರು ಮಾಡಿದ್ದನ್ನ ನಿಲ್ಲಿಸೋದು ಅದರ ಕೆಲಸ."

"ಅದುಕ್ಕೆ ಮದ್ದು ಕೊಡಿ ಬುದ್ಧಿ."

"ಇಲ್ಲಪ್ಪ. ಮದ್ದಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟೆಲ್ಲ ತೋರಿಸಿದ ಮನುಷ್ಯ ಒಂದು ಮಾತ್ರೆ ಕೊಡಲಾರನೇ? "ಮತ್ತೆ ಏನ್ ಮಾಡದು?" ಎಂದೆ.

"ಯಾವಾಗಲೂ ಯಾರಾದರೂ ಪಕ್ಕದಲ್ಲಿರಿ. ಮರ ಹತ್ತೋಕೆ ಬಿಡಲೇಬೇಡಿ."

ನಾನು ನಕ್ಕೇಬಿಟ್ಟೆ. "ಅಷ್ಟೇ ತಾನೇ? ಹಗ್ಗ ನನ್ ಕೈಲದೆ ಬುದ್ಧಿ. ನಾನ್ ಹಿಡೀದೆ ಅವ್ನು ಹತ್ತಾಕಿಲ್ಲ. ನಮ್ ಕಟ್ಟಳೆ ಅದು. ಸತ್ರೂ ಮರೆಯಾಕಿಲ್ಲ."

"ಮರೆತಿದ್ದಾನೆ ಅಂತ ನಾನು ಹೇಳಲಿಲ್ಲವಲ್ಲ" ಎಂದರು ಡಾಕ್ಟರು. ಆ ಮಾತು ನನ್ನ ಬುರುಡೆಗೆ ಹೋಗಲಿಲ್ಲ. ನನ್ನ ಹಣೆಯ ಹಿಂದೆ ಏನಿತ್ತೋ!

ಹಾಡಿಗೆ ಬಂದ ಮೇಲೆ ಭಾವ ಗುಂಡುಕಲ್ಲಿನ ಹಾಗೇ ಇದ್ದ, ಆದರೆ ಭಾವನಾಗಿರಲಿಲ್ಲ. ಮಕ್ಕಳ ತಟ್ಟೆಯ ಮುದ್ದೆ ಕಿತ್ತುಕೊಂಡು ತಿನ್ನುವನು. ಹಿಂದೆ ತನ್ನ ಪಾಲನ್ನೇ ಅವರಿಗೆ ಮುರಿದು ಕೊಡುತ್ತಿದ್ದವನು. "ಮಕ್ಕಳದ್ದು ತಿನ್ಬೌದಾ?" ಎಂದು ರಂಗಿ ಕೇಳಿದರೆ, "ತಿನ್ಬಾರ್ದು, ತಪ್ಪು" ಎಂದು ಹೇಳುತ್ತಲೇ ಇನ್ನೊಂದು ತುತ್ತು ನುಂಗುವನು. ಪಕ್ಕದ ಗುಡಿಸಲಿನಲ್ಲಿ ಹೆಣ ಇಟ್ಟುಕೊಂಡು ಅಳುತ್ತಿದ್ದಾಗ ಎದುರು ಕೂತು ಲಾವಣಿ ಹಾಡಿದ. ಬಿದಿರು ಸೀಳುತ್ತೇನೆ ಎಂದು ಮಚ್ಚು ಹಿಡಿದು ಕೂತರೆ ಸಂಜೆಯವರೆಗೆ ಮಚ್ಚು ಹಿಡಿದೇ ಕೂತಿರುವನು.

"ದೆವ್ವ ಬಡ್ದಿದ್ರೆ ಬುಡಿಸ್ಬೌದಿತ್ತು ಕಣ್ಲಾ," ಎಂದಳು ರಂಗಿ ಒಂದು ದಿನ. "ಇವ್ನೊಳ್ಗೆ ಯಾರೂ ಬಂದಿಲ್ಲ. ಇದ್ದೋನೇ ಎದ್ದೋಗವ್ನೆ." ಅಕ್ಕ ಅಷ್ಟು ಸೊರಗಿಹೋಗಿದ್ದಳು.

ಮಾರನೇ ವರ್ಷ ಹೊಂಗೆ ಹೂ ಬಿಟ್ಟಾಗ ಹಾಡಿಯ ಪಕ್ಕದ ಬೂರುಗದ ಮರಕ್ಕೆ ಹೆಜ್ಜೇನು ಬಂದು ಕೂತಿತು. ಹತ್ತಲೆಂದು ಮುಂಚೆ ಹೊಡೆದ ಬಿದಿರಿನ ಗೂಟಗಳು ಬೊಡ್ಡೆಯಲ್ಲಿ ಹಾಗೇ ಇದ್ದವು. ಭಾವ ಕುತ್ತಿಗೆ ಎತ್ತಿ ಅದನ್ನೇ ನೋಡತೊಡಗಿದ.

"ಗೂಟ ಎಲ್ಲಾ ಕಿತ್ತಾಕ್ಬುಡು ಗುಂಡ," ಎಂದಳು ರಂಗಿ. "ನಂಗೆ ಭಯ ಆಯ್ತದೆ. ನಾನ್ ಕೂಲಿಗೆ ಹೋಗಾಕಿಲ್ಲ."

"ಏ, ಸುಮ್ಕಿರಕ್ಕ! ಹಗ್ಗಾನ ನಮ್ ಸೂರಲ್ಲಿ ಬಚ್ಚಿಟ್ಟಿವ್ನಿ. ಹಗ್ಗ ಇಲ್ದೆ, ನಾನಿಲ್ದೆ ಯಾವನ್ ಹತ್ತಾನು? ನೀನ್ ಹೋಗು. ನಾನಿಲ್ಲೇ ಇರ್ತೀನಿ" ಎಂದೆ. ನಾನು ಹೇಳಿದೆನೆಂದೇ ಅವಳು ಕೆಲಸಕ್ಕೆ ಹೋದಳು.

ಮಧ್ಯಾಹ್ನ ನಾನು ಗುಡಿಸಲ ಮುಂದೆ ಬುಟ್ಟಿ ಹೆಣೆಯುತ್ತಿದ್ದೆ. ತಲೆ ಎತ್ತಿದರೆ ಭಾವ ಮೂರಾಳು ಎತ್ತರದಲ್ಲಿದ್ದ. ಉರಿಬಿಸಿಲು. ಹೊಗೆಯಿಲ್ಲ, ಹಗ್ಗವಿಲ್ಲ. ಹೆಜ್ಜೇನಿಗೆ ಹಗಲಲ್ಲಿ ಹತ್ತುವುದೆಂದರೆ ಸಾಯಲು ಹತ್ತುವುದು. ಓಡಿದೆ. ಜೋರಾಗಿ ಕೂಗಿದರೆ ಹುಳ ಎದ್ದೀತೆಂದು ದನಿ ಅದುಮಿ ಕರೆದೆ.

"ಭಾವ! ಇಳಿಯೋ! ಹಗಲು ಕಣೋ!"

"ಹೂಂ ಕಣ್ಲಾ. ಹಗಲೊತ್ತು ಹತ್ಬಾರ್ದು. ಹುಳ ಎದ್ಬುಡ್ತವೆ" ಎಂದ ಭಾವ, ಮುಂದಿನ ಗೂಟಕ್ಕೆ ಕಾಲಿಟ್ಟ.

"ಹಗ್ಗ ಇಲ್ದೆ ಹತ್ಬಾರ್ದು ಅಂತ ನೀನೇ ತಾನೇ ನಂಗೆ ಹೇಳ್ಕೊಟ್ಟಿದ್ದು?"

"ನಾನೇಯ. ಹತ್ಲೇಬಾರ್ದು." ಇನ್ನೊಂದು ಗೂಟ.

ಡಾಕ್ಟರು ಹೇಳಿದ್ದು ಆಗ ತಿಳಿಯಿತು. ಎಲ್ಲವೂ ಅವನ ತಲೆಯಲ್ಲಿ ಇದ್ದ ಜಾಗದಲ್ಲೇ ಇತ್ತು, ನಮ್ಮ ಕಟ್ಟಳೆಯೂ ಸೇರಿ. ಅದನ್ನು ಕೇಳಿ ಕಾಲು ನಿಲ್ಲಿಸುವವನೊಬ್ಬ ಇರಲಿಲ್ಲ. ನಾನು ಗೂಟ ಹಿಡಿದು ಹತ್ತಲು ನೋಡಿದೆ. ಎರಡನೆಯದರಿಂದಲೇ ಕಾಲು ಜಾರಿತು. ಯಾವತ್ತೂ ಹಗ್ಗ ಹಿಡಿದವನು ನಾನು, ಹತ್ತಿದವನಲ್ಲ. ಹಗ್ಗ ತಂದರೂ ಅವನ ಸೊಂಟಕ್ಕೆ ಕಟ್ಟುವವರು ಯಾರು? ಕೆಳಗಿಳಿದು ಮೇಲೆ ನೋಡುತ್ತ ನಿಂತೆ.

ಕೊಂಬೆ ತಲುಪಿ ಭಾವ ಕೂಗಿದ. "ಗುಂಡ, ಹಗ್ಗ ಹಿಡ್ದಿದ್ದೀಯೇನ್ಲಾ?"

ಇಲ್ಲ ಎಂದರೂ ಅವನು ಇಳಿಯುತ್ತಿರಲಿಲ್ಲ. ಹೆದರಿದರೆ ಇನ್ನೂ ಬೇಗ ಬೀಳುತ್ತಿದ್ದ.

"ಹಿಡ್ದಿವ್ನಿ ಕಣ ಭಾವ. ಗಟ್ಟಿಯಾಗ್ ಹಿಡ್ದಿವ್ನಿ."

"ನೀನಿದ್ರೆ ನಂಗೇನ್ಲಾ ಭಯ" ಎಂದು ನಕ್ಕ. ವರ್ಷದ ಹಿಂದಿನ ಅದೇ ನಗು. ನಾನು ಎರಡೂ ಕೈ ಮುಂದೆ ಚಾಚಿ, ಇಲ್ಲದ ಹಗ್ಗವನ್ನು ಹಿಡಿದುಕೊಂಡೇ ನಿಂತಿದ್ದೆ. ಅವನು ಜೇನುತಟ್ಟಿಗೆ ಕೈ ಹಾಕಿದ. ಹುಳ ಎದ್ದವು.

ರಂಗಿ ಬರುವ ಹೊತ್ತಿಗೆ ಹಾಡಿಯವರು ಹೊಗೆ ಹಾಕಿ ಹುಳ ಓಡಿಸಿದ್ದರು. ಭಾವನ ಮೇಲೆ ಕಂಬಳಿ ಹೊದಿಸಿದ್ದರು. ನನ್ನ ಮುಖವೂ ಕಚ್ಚಿಸಿಕೊಂಡು ಊದಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು. ಅವಳು ಅದನ್ನು ನೋಡಲಿಲ್ಲ. ಕಂಬಳಿ ಸರಿಸಿ ಗಂಡನ ಮುಖ ನೋಡಿದಳು, ಮತ್ತೆ ಹೊದಿಸಿದಳು. ಆಮೇಲೆ ನನ್ನ ಎದುರು ಬಂದು ನಿಂತಳು.

"ಅಕ್ಕ, ಬ್ಯಾಡ" ಎಂದೆ.

ಅವಳು ನನ್ನ ಎರಡೂ ಕೈ ಹಿಡಿದು ಅಂಗೈ ಮೇಲೆ ಮಾಡಿದಳು. ಹೋದ ವರ್ಷದ ಕಲೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.